ಎಣಿಕೆ ಮುರಿದ ಕುರಿ

ಅರ್ಥಶಾಸ್ತ್ರದ ಪಿಎಚ್.ಡಿ. ಪ್ರಬಂಧದ ಮೊದಲ ಮೂರು ಅಧ್ಯಾಯಗಳನ್ನು ಪಾಲಯ್ಯ ಚಿತ್ರದುರ್ಗದ ತನ್ನ ಬಾಡಿಗೆ ಕೋಣೆಯಲ್ಲಿ ಕುಳಿತು ಬರೆದು ಮುಗಿಸಿದ್ದ. ನಾಲ್ಕನೆಯದು ಮಾತ್ರ ಎರಡು ವರ್ಷದಿಂದ ಇದ್ದಲ್ಲೇ ಇತ್ತು. ಹಗಲೆಲ್ಲ ಕಾದ ಕೋಟೆಯ ಬಂಡೆ ಸಂಜೆಯಾದ ಮೇಲೆ ಕಾವನ್ನೆಲ್ಲ ಊರ ಮೇಲೆ ಬಿಡುತ್ತಿತ್ತು. ಆ ಸೆಕೆಯಲ್ಲಿ ಅವನು ಅಂಗಿ ಕಳಚಿ ಕೂತು ಪೆನ್ನಿಗೆ ಶಾಯಿ ತುಂಬುತ್ತಿದ್ದ, ನಿಬ್ಬು ಒರೆಸುತ್ತಿದ್ದ, ಹೊಸ ಹಾಳೆಗೆ ಅಂಚು ಗೀಟು ಹಾಕುತ್ತಿದ್ದ. ಬರೆಯುವುದೊಂದನ್ನು ಬಿಟ್ಟು ಉಳಿದ ಕೆಲಸವೆಲ್ಲ ಅಚ್ಚುಕಟ್ಟಾಗಿ ನಡೆಯುತ್ತಿತ್ತು.

ಅವನ ವಿಷಯ ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕುರಿಸಾಕಣೆ. ಒಂದು ಮನೆಯಲ್ಲಿ ಎಷ್ಟು ಕುರಿ, ಅದರಿಂದ ಎಷ್ಟು ಉಣ್ಣೆ, ಎಷ್ಟು ಗೊಬ್ಬರ, ಕೊನೆಗೆ ಮನೆಯವರ ಹೊಟ್ಟೆಗೆ ಎಷ್ಟು ಎಂದು ತೋರಿಸುವುದು ನಾಲ್ಕನೆಯ ಅಧ್ಯಾಯದ ಕೆಲಸ. ಅದಕ್ಕೆ ಮೊದಲು ಕುರಿಗಳ ಸಂಖ್ಯೆ ಬೇಕು. ಪಾಲಯ್ಯ ಕೇಳದೆ ಬಿಟ್ಟಿರಲಿಲ್ಲ. ಬಿ.ದುರ್ಗದ ಸುತ್ತ ನಡೆದ, ಶ್ರೀರಾಂಪುರದ ಸುತ್ತ ನಡೆದ, ತನ್ನ ಹಟ್ಟಿಯ ಮನೆಮನೆಯ ಜಗಲಿಯಲ್ಲೂ ಕೂತ. ಎಲ್ಲರೂ ಕರೆದು ಕೂರಿಸಿ ಮಜ್ಜಿಗೆ ಕೊಟ್ಟರು. ಸಂಖ್ಯೆ ಕೇಳಿದಾಗ ಮಾತ್ರ ಬಾಯಿಪಾಠ ಮಾಡಿಕೊಂಡವರಂತೆ ಒಂದೇ ಉತ್ತರ ಹೇಳಿದರು:

"ಒಂದಿಪ್ಪತ್ತು ಇರಬೋದು ನೋಡಪ್ಪ."

ಆ ಉತ್ತರಗಳ ಪಟ್ಟಿಯನ್ನು ಅವನು ಮೈಸೂರಿಗೆ ಒಯ್ದಾಗ ಮಾರ್ಗದರ್ಶಕರಾದ ಪ್ರೊಫೆಸರ್ ಗಂಗಾಧರಪ್ಪನವರು ಕನ್ನಡಕ ಹಣೆಗೇರಿಸಿ ನಕ್ಕಿದ್ದರು. "ಏನಪ್ಪ, ಇದು ಸರ್ವೆನೋ ಭಜನೆನೋ? ಊರಿಗೂರೇ ಒಂದೇ ಸೊಲ್ಲು ಹೇಳ್ತಾ ಇದೆಯಲ್ಲ!" ಆಮೇಲೆ ನಗು ನಿಲ್ಲಿಸಿ ಹೇಳಿದ ಮಾತು ಅವನಿಗೆ ಹೆಚ್ಚು ಚುಚ್ಚಿತು. "ನಿಮ್ಮೂರು, ನಿಮ್ಮ ಜನ. ನಿನಗೇ ಹೇಳಲ್ಲ ಅಂದ್ರೆ ಇನ್ಯಾರಿಗೆ ಹೇಳ್ತಾರೆ? ಯಾವುದಾದರೂ ಒಂದು ವರ್ಷದ್ದಾಗಲಿ, ನಿಜವಾದ ಲೆಕ್ಕ ತಾ. ಯುಗಾದಿ ಒಳಗೆ ಬರಲಿಲ್ಲ ಅಂದ್ರೆ ನಿನ್ನ ನೋಂದಣಿ ಉಳಿಸೋದು ನನ್ನ ಕೈಲಿಲ್ಲ."

ಪಾಲಯ್ಯ ತಲೆ ಬಗ್ಗಿಸಿ ಬಂದಿದ್ದ. ಜನ ಯಾಕೆ ಹೇಳುವುದಿಲ್ಲ ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಎಣಿಸಿದ ಕುರಿ ಏಳಿಗೆಯಾಗದು ಎಂದು ಕೇಳುತ್ತಲೇ ಬೆಳೆದವನು ಅವನು. ಚಿಕ್ಕಂದಿನಲ್ಲಿ ಮರಿಗಳ ಕಡೆ ಬೆರಳು ತೋರಿಸಿ ಒಂದು, ಎರಡು ಎಂದಿದ್ದಕ್ಕೆ ಅವ್ವ ಆ ಬೆರಳನ್ನೇ ಹಿಡಿದು ತಿರುವಿದ್ದಳು. ಆದರೆ ಇದನ್ನು ಪ್ರೊಫೆಸರರ ಮುಂದೆ ಹೇಗೆ ಹೇಳುವುದು? ಹೇಳಿದರೂ ಅದು ಅಡಿಟಿಪ್ಪಣಿಯಾದೀತೇ ಹೊರತು ಕೋಷ್ಟಕವಾಗದು. ಜೊತೆಗೆ ಓದಿದ ತಿಪ್ಪೇರುದ್ರಪ್ಪ ಆಗಲೇ ಹಿರಿಯೂರಿನಲ್ಲಿ ಮೇಷ್ಟ್ರಾಗಿ ಮದುವೆಯೂ ಆಗಿದ್ದ. ತಾನು ಮಾತ್ರ ಕುರಿಕಾಯುವವನೂ ಅಲ್ಲದೆ ಮೇಷ್ಟ್ರೂ ಅಲ್ಲದೆ ನಡುವೆ ಎಲ್ಲೋ ಸಿಕ್ಕಿಕೊಂಡಿದ್ದೇನೆ ಎಂದು ಅವನಿಗೆ ಅನಿಸತೊಡಗಿತ್ತು.

ಶಿವರಾತ್ರಿ ಕಳೆದ ಮೇಲೆ ಅವನು ಕೈಚೀಲ ಹಿಡಿದುಕೊಂಡು ಶ್ರೀರಾಂಪುರದ ಬಸ್ಸು ಹತ್ತಿದ. ಒಂದು ಮನೆಯದಾದರೂ ನಿಜವಾದ ಲೆಕ್ಕ ತರಲೇಬೇಕು, ಅದು ತನ್ನ ಮನೆಯದೇ ಆಗಲಿ ಎಂದು ನಿರ್ಧರಿಸಿದ್ದ. ಮೊದಲು ನೇರವಾಗಿಯೇ ಕೇಳಿದ.

"ಅಪ್ಪ, ನಮ್ಮವು ಒಟ್ಟು ಎಷ್ಟವೆ?"

ಅಪ್ಪ ಕರಿಸಿದ್ದಪ್ಪ ಕಂಬಳಿಯ ಅಂಚಿಗೆ ಸೂಜಿ ಹಾಕುತ್ತಿದ್ದವನು ತಲೆ ಎತ್ತಲಿಲ್ಲ. "ನಿನ್ ಕಣ್ಣಿಗೆ ಕಾಣಾಕಿಲ್ವ? ಅಷ್ಟವೆ."

"ಪುಸ್ತಕಕ್ಕೆ ಬೇಕಪ್ಪ."

"ಬರ್ಕ. ಒಂದಿಪ್ಪತ್ತು."

ಅಣ್ಣ ಬೀರಪ್ಪ ಜೋರಾಗಿ ನಕ್ಕ. ಪಾಲಯ್ಯ ಎದ್ದು ಹೋದ.

ಮರುದಿನ ಬೆಳಿಗ್ಗೆ ಅವನು ಅಂಗಿಯ ಬಲಜೇಬಿನ ತುಂಬ ಹುಣಸೆಬೀಜ ತುಂಬಿಕೊಂಡು ಕುರಿ ಕೂಡುವ ರೊಪ್ಪದ ಬಾಯಿಗೆ ಬಂದು ನಿಂತ. ಬೀರಪ್ಪ ಮುಳ್ಳಿನ ಪಡಿ ಸರಿಸಿದೊಡನೆ ಕುರಿಗಳು ಒಂದನ್ನೊಂದು ಒತ್ತಿಕೊಂಡು ಹೊರಗೆ ಬಿದ್ದವು. ಒಂದು ಕುರಿ ದಾಟಿದರೆ ಒಂದು ಬೀಜ ಬಲಜೇಬಿನಿಂದ ಎಡಜೇಬಿಗೆ ಹೋಗಬೇಕು. ಬಾಯಲ್ಲಿ ಎಣಿಸುತ್ತಿಲ್ಲ, ಬೆರಳು ತೋರಿಸುತ್ತಿಲ್ಲ. ಹೀಗಿರುವಾಗ ತಾನು ಎಣಿಸುತ್ತಿದ್ದೇನೆ ಎಂದು ಯಾರು ಹೇಳಬಲ್ಲರು? ಅವನ ಮಟ್ಟಿಗೆ ಅದೊಂದು ನ್ಯಾಯವಾದ ಉಪಾಯವಾಗಿತ್ತು.

"ಯಾಕ್ಲೇ, ಜೇಬಿನಾಗೆ ಇರುವೆ ಹೊಕ್ಕಾವೇನು?" ಎಂದ ಬೀರಪ್ಪ.

"ಏನಿಲ್ಲ, ಸುಮ್ನೆ," ಎಂದು ಪಾಲಯ್ಯ ಕೈ ಆಡಿಸುತ್ತಲೇ ಇದ್ದ.

ಕೊನೆಯ ಕುರಿ ದಾಟಿದ ಮೇಲೆ ಹಿತ್ತಲಿಗೆ ಹೋಗಿ ಎಡಜೇಬಿನ ಬೀಜಗಳನ್ನು ಎಣಿಸಿ ಚೀಟಿಯಲ್ಲಿ ಬರೆದುಕೊಂಡ. ಎರಡು ವರ್ಷದಲ್ಲಿ ಅವನ ಕೈಗೆ ಬಂದ ಮೊದಲ ನಿಜ ಅದು. ಇಪ್ಪತ್ತಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಸಂಜೆ ಮಂದೆ ಬಂದಾಗ ಒಂದು ಕುರಿಯ ಹೊಟ್ಟೆ ತಮಟೆಯ ಹಾಗೆ ಉಬ್ಬಿತ್ತು. ಹಸಿ ಅವರೆಸೊಪ್ಪಿಗೆ ಬಾಯಿ ಹಾಕಿತ್ತು ಎಂದು ಬೀರಪ್ಪ ಹೇಳಿದ. ಎಣ್ಣೆ ಕುಡಿಸಲು ಅದರ ದವಡೆ ಹಿಡಿಯಬೇಕಾಯಿತು. ಪಾಲಯ್ಯ ಬಗ್ಗಿ ಹಿಡಿದುಕೊಂಡಾಗ ಜೇಬಿನಿಂದ ಹುಣಸೆಬೀಜಗಳು ಬಳಬಳನೆ ನೆಲಕ್ಕೆ ಸುರಿದವು. ಅವ್ವ ಬರಗೇರಮ್ಮ ಎಣ್ಣೆ ಕುಡಿಸುವ ಬಿದಿರ ಗೊಟ್ಟ ಹಿಡಿದವಳು ಹಾಗೇ ನಿಂತಳು.

"ಎಣಿಸ್ದೇನೋ?"

ಪಾಲಯ್ಯನಿಗೆ ಸುಳ್ಳು ಹೇಳಲು ಬರಲಿಲ್ಲ. "ಅದು ತಿಂದಿದ್ದು ಅವರೆಸೊಪ್ಪು ಕಣವ್ವ! ಎಣಿಸಿದ್ದಕ್ಕೂ ಉಬ್ಬಿದ್ದಕ್ಕೂ ಏನು ಸಂಬಂಧ?"

"ದಿನಾ ತಿನ್ನದ್ದು ಇವತ್ತೇ ಯಾಕ್ ತಿಂತು?" ಎಂದಳು ಅವ್ವ. ಪಾಲಯ್ಯ ಕುರಿಯ ದವಡೆಯನ್ನು ಇನ್ನಷ್ಟು ಅಗಲಿಸಿ ಹಿಡಿದ.

ಕುರಿ ಬದುಕಿಕೊಂಡಿತು. ಆದರೆ ಅಪ್ಪ ಅಷ್ಟಕ್ಕೆ ಸುಮ್ಮನಾಗಲಿಲ್ಲ. ಬೈಯಲೂ ಇಲ್ಲ. ರೊಪ್ಪದೊಳಗೆ ಹೋಗಿ, ಕಂದು ಮೂತಿಯ ಎಳೆಯ ಕುರಿಯೊಂದನ್ನು ಹಿಡಿದು, ಕೊರಳಿಗೆ ಹಗ್ಗ ಹಾಕಿ ಹೊರಗೆ ತಂದ.

"ಎಲ್ಲಿಗಪ್ಪ?"

"ಸಿದ್ದಕ್ಕಂಗೆ ಕೊಟ್ಟು ಬರ್ತೀನಿ. ಎಣಿಕೆ ಮುರೀಬೇಕು."

ಸಿದ್ದಕ್ಕ ಅಪ್ಪನ ತಂಗಿ. ಗಂಡ ತೀರಿದ ಮೇಲೆ ಹಟ್ಟಿಯ ಇನ್ನೊಂದು ತುದಿಯಲ್ಲಿ ತಾನೇ ಮಂದೆ ನಡೆಸುತ್ತಿದ್ದಳು. ಅಪ್ಪನ ಮಾತು ಅರ್ಥವಾದೊಡನೆ ಪಾಲಯ್ಯ ಹಗ್ಗಕ್ಕೆ ಕೈ ಹಾಕಿದ. "ಅಪ್ಪ, ಒಂದು ಕೊಟ್ರೆ ನನ್ ಲೆಕ್ಕ ಸುಳ್ಳಾಗ್ತದೆ!"

"ಸುಳ್ಳಾಗ್ಲಿ ಅಂತ್ಲೇ ಕಣೋ ಕೊಡಾದು," ಎಂದು ಅಪ್ಪ ಕುರಿ ಎಳೆದುಕೊಂಡು ಹೋದ.

ಪಾಲಯ್ಯ ಆ ಚೀಟಿಯನ್ನು ಎತ್ತಿ ನೋಡಿದ, ಮಡಿಚಿದ, ಮತ್ತೆ ಬಿಡಿಸಿದ. ಬೆಳಗಿನ ಸಂಖ್ಯೆ ಸಂಜೆಗೆ ಯಾರದ್ದೂ ಅಲ್ಲವಾಗಿತ್ತು. ಒಂದು ಕಳೆದು ಬರೆದುಕೊಂಡರಾಯಿತು ಎಂದು ಬುದ್ಧಿ ಹೇಳಿತು. ಆದರೆ ಕಳೆದು ಬರೆದರೆ ಅದೂ ಎಣಿಕೆಯೇ. ಮತ್ತೆ ಅಪ್ಪ ಇನ್ನೊಂದನ್ನು ಕೊಟ್ಟಾನು. ಹೀಗೆ ಕೊಡುತ್ತ ಹೋದರೆ ಕೊನೆಗೆ ನಿಜವಾಗಿಯೂ ಇಪ್ಪತ್ತೇ ಉಳಿದಾವು!

ಅಷ್ಟಕ್ಕೆ ಮುಗಿದಿದ್ದರೆ ಒಳ್ಳೆಯದಿತ್ತು. ಮರುದಿನ ಸಂಜೆ ಕಂದು ಮೂತಿಯ ಕುರಿ ಸಿದ್ದಕ್ಕನ ಮಂದೆಯಿಂದ ತಪ್ಪಿಸಿಕೊಂಡು, ಏನೂ ನಡೆದಿಲ್ಲವೆಂಬಂತೆ ತನ್ನ ಹಳೆಯ ರೊಪ್ಪಕ್ಕೇ ಬಂದು ಸೇರಿಕೊಂಡಿತು. ಕುರಿಗೇನು ಗೊತ್ತು ದಾನ? ಅಪ್ಪ ಹಾವು ಕಂಡವನಂತೆ ಹಿಂದೆ ಸರಿದ. ಎಣಿಕೆ ಮತ್ತೆ ಸರಿಯಾಗಿಬಿಟ್ಟಿತ್ತು.

"ಹೊತ್ಕಂಡ್ ಹೋಗಿ ಬಿಟ್ಟು ಬಾ," ಎಂದ ಪಾಲಯ್ಯನಿಗೆ. "ಎಣಿಸ್ದೋನು ನೀನು."

ಅವನು ಟೆರಿಲಿನ್ ಅಂಗಿಯ ಮೇಲೆಯೇ ಕುರಿಯನ್ನು ಹೆಗಲಿಗೆ ಹಾಕಿಕೊಂಡು ಹಟ್ಟಿಯ ನಡುವೆ ನಡೆದ. ಕಟ್ಟೆಯ ಮೇಲೆ ಎಲೆಯಡಿಕೆ ಹಾಕುತ್ತಿದ್ದ ಪಾಪಣ್ಣ ಎಂಬ ಹಿರಿಯ ಸುಮ್ಮನಿರುವ ಪೈಕಿಯಲ್ಲ.

"ಏನ್ ಡಾಕ್ಟ್ರೇ, ಓದಿದ್ದು ಮುಗೀತಾ? ಕಸುಬಿಗೆ ಇಳಿದ್ರೇನು?"

"ಇನ್ನೂ ಡಾಕ್ಟ್ರಾಗಿಲ್ಲ ಕಣಜ್ಜ."

"ಆಗಾದು ಹೆಂಗೆ? ಕುರಿ ನಿನ್ ಮ್ಯಾಲೆ ಸವಾರಿ ಮಾಡ್ತೈತೆ!"

ಆ ವಾರವೆಲ್ಲ ಅವನಿಗೆ ಇದೇ ಕೆಲಸವಾಯಿತು. ಹಗಲು ಸುಮ್ಮನೆ ಕೂತು ನಾಲ್ಕನೆಯ ಅಧ್ಯಾಯದ ಮೊದಲ ವಾಕ್ಯವನ್ನು ತಿದ್ದುವುದು, ಸಂಜೆ ಕುರಿ ಹೊರುವುದು. ಸಿದ್ದಕ್ಕ ಹಗ್ಗ ಬದಲಿಸಿದಳು, ಗೂಟ ಬದಲಿಸಿದಳು. ಕುರಿ ಮಾತ್ರ ಮನಸ್ಸು ಬದಲಿಸಲಿಲ್ಲ. ಯುಗಾದಿ ಹತ್ತಿರವಾಗುತ್ತಿತ್ತು. ಒಂದು ಸಂಜೆ ಕುರಿಯನ್ನು ಇಳಿಸಿದವನು ಸಿದ್ದಕ್ಕನ ಜಗಲಿಯಲ್ಲಿ ಕುಸಿದು ಕೂತು, ಬಾಯಿಗೆ ಬಂದಂತೆ ಕೂಗಾಡಿದ. ಕುರಿಗೆ ಬೈದ, ಅಪ್ಪನಿಗೆ ಬೈದ, ಅರ್ಥಶಾಸ್ತ್ರಕ್ಕೂ ಬೈದ.

"ಮಜ್ಜಿಗೆ ಕುಡಿ ಮೊದ್ಲು," ಎಂದು ಸಿದ್ದಕ್ಕ ಚೊಂಬು ಮುಂದಿಟ್ಟಳು. "ಈ ಕುರಿ ಬಂದಿದ್ದೂ ಒಳ್ಳೇದೇ ಆತು ಬಿಡು. ಹೋದ ಯುಗಾದಿಗೆ ನಂದು ಎಂಬತ್ತಾರಿದ್ವು. ಆಮ್ಯಾಲೆ ಕಾಲ್‍ಬೇನೆ ಬಂದು ಬಾಳ ಹೋದ್ವು."

ಪಾಲಯ್ಯ ಚೊಂಬು ಕೆಳಗಿಟ್ಟ. "ಅತ್ತೆ, ಈಗ ಏನಂದೆ?"

"ಎಂಬತ್ತಾರು ಅಂದೆ."

"ಸಂಖ್ಯೆ ಹೇಳ್ದಲ್ಲ ನೀನು! ಎಣಿಸಬಾರ್ದು ಅಂತೀರಲ್ಲ?"

ಸಿದ್ದಕ್ಕ ಅವನನ್ನು ತಿಳಿಗೇಡಿಯನ್ನು ನೋಡಿದಂತೆ ನೋಡಿದಳು. "ಅದು ಹೋದ ವರ್ಸದ್ದಲ್ಲೇನೋ? ಕೆಲವು ಸತ್ವು, ಕೆಲವು ಸಂತೆಗೆ ಹೋದ್ವು, ಮರಿ ಹುಟ್ಟಿದ್ವು. ಆ ಮಂದೆ ಈಗೆಲ್ಲೈತೆ? ಇಲ್ಲದ್ದಕ್ಕೆ ಕಣ್ಣು ಹೆಂಗ್ ತಗಲ್ತೈತೆ?"

ಪಾಲಯ್ಯನಿಗೆ ಸಂತೋಷಪಡಬೇಕು ಎಂದು ತೋಚಲೇ ಇಲ್ಲ. ಮೊದಲು ಬಂದದ್ದು ಸಿಟ್ಟು. ಪ್ರತಿ ಮನೆಯಲ್ಲೂ ಅವನು ಈಗ ಎಷ್ಟಿವೆ ಎಂದೇ ಕೇಳಿದ್ದ. ಹಿಂದೆ ಎಷ್ಟಿದ್ದವು ಎಂದು ಒಂದು ಸಲವೂ ಕೇಳಿರಲಿಲ್ಲ. ಯಾರೂ ತಾವಾಗಿ ಹೇಳಿರಲಿಲ್ಲ. ಈಗ ಎಲ್ಲ ಕಡೆಗೂ ಮೊದಲಿನಿಂದ ನಡೆಯಬೇಕು. ಶ್ರೀರಾಂಪುರ, ಬಿ.ದುರ್ಗ, ನಡುವಿನ ಹಟ್ಟಿಗಳೆಲ್ಲ. ಯುಗಾದಿಯೊಳಗೆ ಮುಗಿಯುತ್ತದೋ ಇಲ್ಲವೋ. ಮುಗಿದರೂ ಕಾಲಿನಲ್ಲಿ ಚಪ್ಪಲಿ ಉಳಿಯುವುದಿಲ್ಲ.

ಹಲ್ಲು ಕಚ್ಚಿಕೊಂಡು, ಪಟ್ಟಿ ತೆಗೆದು, ಸಿದ್ದಕ್ಕನ ಹೆಸರಿನ ಮುಂದಿದ್ದ ಇಪ್ಪತ್ತನ್ನು ಹೊಡೆದು ಎಂಬತ್ತಾರು ಎಂದು ಬರೆದ. ಅಲ್ಲಿಂದ ನೇರವಾಗಿ ಕಟ್ಟೆಗೆ ಬಂದ.

"ಅಜ್ಜ, ಹೋದ ಯುಗಾದಿಗೆ ನಿಮ್ಮವು ಎಷ್ಟಿದ್ವು?"

ಪಾಪಣ್ಣ ಎಲೆಯ ತೊಟ್ಟು ಮುರಿಯುತ್ತ, ಕಣ್ಣು ಕೂಡ ಎತ್ತದೆ, "ನೂರಾ ಹನ್ನೊಂದು," ಎಂದ. "ಅದ್ರಾಗೆ ಟಗರು ಒಂಬತ್ತು. ಬರ್ಕಂಡೆಯ?"

"ಬರ್ಕಂಡೆ," ಎಂದ ಪಾಲಯ್ಯ, ಸಿಟ್ಟು ಇಳಿಯದ ದನಿಯಲ್ಲೇ. "ಇದನ್ನ ಮುಂಚೇನೇ ಹೇಳಾಕೇನಾಗಿತ್ತು?"

"ನೀನು ಕೇಳ್ಲಿಲ್ಲ. ಈ ವರ್ಸದ್ದೂ ಬೇಕಾದ್ರೆ ಬರೋ ವರ್ಸ ಬಾ, ಹೇಳ್ತೀನಿ."

ಪಾಲಯ್ಯ ಪೆನ್ನಿನ ಮುಚ್ಚಳ ಹಾಕದೆಯೇ ಮುಂದಿನ ಮನೆಯ ಕಡೆಗೆ ಹೆಜ್ಜೆ ಹಾಕಿದ.