ಮೊಮ್ಮಗಳ ಜವುಳಕ್ಕೆ ಮಸೆದ ಕತ್ತಿ

ನನ್ನ ಎಡ ಮುಂಗೈ ನೋಡಿದವರೆಲ್ಲ ಬಿಸಿನೀರು ಬಿದ್ದಿತ್ತಾ ಎಂದು ಕೇಳುತ್ತಾರೆ. ಬಲಗೈ ಎಂದಿನಂತೆ ಕರಡಿಯ ಕೈ; ಎಡಗೈ ಮಾತ್ರ ಒಂದು ಕೂದಲೂ ಇಲ್ಲದೆ ಬದನೆಕಾಯಿಯಂತೆ ಮಿರುಗುತ್ತಿದೆ. ಇದಕ್ಕೆ ಕಾರಣ ನನ್ನ ಮೊಮ್ಮಗಳು ಧೃತಿ. ಹನ್ನೊಂದು ತಿಂಗಳಿಗೆ ನಾಲ್ಕು ಹಲ್ಲು ಬಂದಿವೆ, ನಾಲ್ಕನ್ನೂ ಮೊದಲು ಕಂಡವನು ನಾನೇ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಮರೆತರೆ ಕಷ್ಟ.

ಅವಳ ಜವುಳ, ಅಂದರೆ ಹುಟ್ಟುಗೂದಲು ತೆಗೆಸುವ ಶಾಸ್ತ್ರ, ಗೊತ್ತಾದ ದಿನವೇ ಅಪ್ಪನ ಕಾಲದ ಕ್ಷೌರದ ಕತ್ತಿಯನ್ನು ಟ್ರಂಕಿನಿಂದ ತೆಗೆದೆ. ನನ್ನ ಹುಟ್ಟುಗೂದಲೂ ನನ್ನ ಮಗನದೂ ಇಳಿದದ್ದು ಅದರಲ್ಲೇ. ಸೊಸೆ ಆಶಾ ಅದರ ತುಕ್ಕು ನೋಡಿದಳು. "ಮಾವ, ಇದು ಪಾಪು ತಲೆ ಮುಟ್ಟಂಗಿಲ್ಲ."

ಮಸೆದು ತೋರಿಸುತ್ತೇನೆ ಎಂದೆ. ಚಿಕ್ಕಲಸಂದ್ರದಲ್ಲಿ ಹೊಲವಿದ್ದ ಕಾಲದಲ್ಲಿ ಊರಿನ ಅರ್ಧ ಮಚ್ಚುಗಳು ನನ್ನ ಕೈಯಲ್ಲೇ ಹರಿತವಾದವು. ಗೇಣುದ್ದದ ಈ ಕತ್ತಿ ಯಾವ ಮಹಾ? ಕಲ್ಲಿಗೆ ನೀರು ಚಿಮುಕಿಸಿ, ಮೈಭಾರವೆಲ್ಲ ಬಿಟ್ಟು ಗರಗರ ಉಜ್ಜಿದೆ. ಮುಂಗೈ ಮೇಲೆ ಆಡಿಸಿ ನೋಡಿದರೆ ಒಂದು ಕೂದಲೂ ಕದಲಲಿಲ್ಲ.

ಜವುಳಕ್ಕೆ ಬರಬೇಕಾಗಿದ್ದ ಯಡಿಯೂರಿನ ಸೆಲೂನಿನ ಮುನಿರಾಜು ಕತ್ತಿಯನ್ನು ಬೆಳಕಿಗೆ ಹಿಡಿದು, "ಯಜಮಾನ್ರೇ, ಇದ್ರಲ್ಲಿ ತೆಂಗಿನಕಾಯಿ ಸುಲೀಬೋದು" ಎಂದ. ಪಾಪ, ನಕ್ಕರೂ ಕಲಿಸಿದ. ಕತ್ತಿಯ ಬೆನ್ನೂ ಹರಿತದ ಬಾಯಿಯೂ ಎರಡೂ ಕಲ್ಲಿನ ಮೇಲೆ ಮಲಗಬೇಕು. ಬಾಯಿ ಮುಂದಾಗಿ ಹೋಗಬೇಕು. ಮಗ್ಗುಲು ಬದಲಿಸುವಾಗ ಬೆನ್ನಿನ ಮೇಲೆ ಹೊರಳಬೇಕು. "ಒತ್ಬೇಡಿ. ಮೊಮ್ಮಗಳ ಕೆನ್ನೆ ಸವರ್ತೀರಲ್ಲ, ಅಷ್ಟೇ."

ಮೂರನೇ ಕ್ಲಾಸಿನ ಮೇಷ್ಟರು ಹೀಗೆ ಹೇಳಿಕೊಟ್ಟಿದ್ದರೆ ನಾನು ನಾಲ್ಕಕ್ಕೂ ಹೋಗುತ್ತಿದ್ದೆ. ದಿನವೂ ಕೆನ್ನೆ ನೆನೆದು ಮಸೆದೆ, ಮುಂಗೈ ಮೇಲೆ ನೋಡಿದೆ, ಕೂದಲು ಉದುರತೊಡಗಿತು. ಆ ಸಂಭ್ರಮದಲ್ಲಿ, ಕೊನೆಗೆ ನಯ ಮಾಡಲು ತೊಗಲಿನ ಮೇಲೆ ಎಳೆಯುವಾಗ ಮಾತ್ರ ಬೆನ್ನು ಮುಂದಾಗಬೇಕೆಂದು ಅವನು ಹೇಳಿದ್ದನ್ನು ಮರೆತೆ. ತೊಗಲೆಂದು ಹಿಡಿದಿದ್ದ, ಸೊಸೆ ಕೊಡಿಸಿದ ಹೊಸ ಬೆಲ್ಟು ಎರಡು ತುಂಡಾಯಿತು. ಹರಿತಕ್ಕೆ ಬೇರೆ ಸಾಕ್ಷಿ ಬೇಕೆ ಎಂದೆ. ಬೇಕು ಎಂದಳು. "ಮೊದ್ಲು ನಿಮ್ಮ ತಲೆ ಮಾವ. ಗಾಯ ಆಗ್ಲಿಲ್ಲ ಅಂದ್ರೆ ನೋಡೋಣ."

ಜವುಳದ ದಿನ ಸೋದರಮಾವ ಕತ್ತರಿಯಲ್ಲಿ ಮೊದಲ ಎಳೆ ತೆಗೆದದ್ದೇ ತಡ, ಅವನ ತೊಡೆಯ ಮೇಲಿದ್ದ ಧೃತಿ ಪಕ್ಕದ ಬೀದಿಗೂ ಕೇಳುವಂತೆ ಅತ್ತಳು. ಎದುರಿಗೇ ಕೂತು ನಾನು ತಲೆ ಕೊಟ್ಟೆ. ಮುನಿರಾಜು ಸರಸರನೆ ಇಳಿಸಿದ. ಒಂದು ಹನಿ ರಕ್ತವಿಲ್ಲ. ಕೂಸು ಅಳು ನಿಲ್ಲಿಸಿ ನನ್ನ ಬೋಳನ್ನು ದಿಟ್ಟಿಸಿತು, ಕೈಚಾಚಿ ಪಟ್ಟೆಂದು ಬಾರಿಸಿತು, ನಾಲ್ಕು ಹಲ್ಲೂ ಕಾಣುವಂತೆ ನಕ್ಕಿತು. ಆಶಾ ನನ್ನ ತಲೆಯನ್ನು ಹಲಸಿನ ಹಣ್ಣು ಆರಿಸುವಂತೆ ಸುತ್ತಲೂ ತಿರುಗಿಸಿ ನೋಡಿ, ಕತ್ತಿಯನ್ನು ಒಳಗೊಯ್ದು ಕುದಿಸಿ ತಂದಳು.

"ಒಂದೇ ಒಂದ್ ಗೆರೆ. ಮಿಕ್ಕಿದ್ದು ಹೊಸ ಬ್ಲೇಡು."

ಮುನಿರಾಜು ಹಣೆಯಿಂದ ನೆತ್ತಿಗೆ ಒಂದೇ ಗೆರೆ ಎಳೆದ. ಕೂಸು ಕಣ್ಣೂ ಮಿಟುಕಿಸಲಿಲ್ಲ. ನಾನೇ ಕಣ್ಣು ಒರೆಸಿಕೊಳ್ಳಬೇಕಾಯಿತು.

ಇದನ್ನು ಬರೆಯುತ್ತಾ ಕೂತು ವಾರವಾಯಿತು. ಅಷ್ಟರಲ್ಲಿ ಮುಂಗೈ ಮೇಲೆ ನರೆಗೂದಲು ಮೊಳೆಯುತ್ತಿದೆ, ಅವಳ ತಲೆಯ ಮೇಲೆ ಕಪ್ಪು. ಎತ್ತಿಕೊಂಡಾಗ ಎರಡೂ ಒಂದಕ್ಕೊಂದು ಚುಚ್ಚುತ್ತವೆ. ಬಿಸಿನೀರು ಬಿದ್ದಿತ್ತಾ ಎಂದು ಈಗ ಯಾರೂ ಕೇಳುವುದಿಲ್ಲ. ನಾನೇ ಕೈ ಚಾಚಿ ಹೇಳಿಕೊಳ್ಳಬೇಕಾಗಿದೆ.