ವೀಣೆ ಹಿಡಿಸದ ಡಿಕ್ಕಿ

ಕಾರಿಗೆ ಡಿಕ್ಕಿ ಯಾಕೆ ಬೇಕು ಎಂಬ ಪ್ರಶ್ನೆಗೆ ನನಗೆ ಇವತ್ತಿಗೂ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ. ಊರೂರು ತಿರುಗಿ ಸೀರೆ ಮಾರುವವರಿಗೆ ಬೇಕು, ಒಪ್ಪಿದೆ. ಮದುವೆಮನೆಗೆ ಪಾತ್ರೆ ಸಾಗಿಸುವವರಿಗೆ ಬೇಕು, ಅದನ್ನೂ ಒಪ್ಪಿದೆ. ಮಲ್ಲೇಶ್ವರದ ಹದಿನೈದನೇ ಕ್ರಾಸಿನಿಂದ ಎಂಟನೇ ಕ್ರಾಸಿಗೆ ಹೂವು ತರಲು ಹೋಗುವ ನಮ್ಮ ಚಿಕ್ಕಮ್ಮನಿಗೆ ಯಾಕೆ ಬೇಕು? ಆ ವರ್ಷ ಈ ಪ್ರಶ್ನೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಕೇಳಿದೆ. ಎಲ್ಲರೂ ಕೊಟ್ಟದ್ದು ಒಂದೇ ಉತ್ತರ: "ನಿಂಗೆ ಹೊಟ್ಟೆಕಿಚ್ಚು ಕಣೆ."

ಇದು ಉತ್ತರವಲ್ಲ. ವಾದವನ್ನು ಬಿಟ್ಟು ವಾದಿಯ ಕಾಲಿಗೆ ಹೊಡೆಯುವುದು ಇದು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ಮಾತಾಡಿದರೆ ತೀರ್ಪುಗಾರರು ಅಂಕ ಕಳೆಯುತ್ತಾರೆ. ಮಾತು ನಿಜವಾಗಿದ್ದರೂ ಕಳೆಯುತ್ತಾರೆ.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ. ನಾಲ್ಕು ಮೀಟರಿನೊಳಗಿದ್ದರೆ ಕಾರಿಗೆ ತೆರಿಗೆ ಕಡಿಮೆ ಎಂದಾಗಿತ್ತು. ಹಾಗಾಗಿ ಒಂದು ಹೊಸ ಬಗೆಯ ಕಾರು ಬೀದಿಗಿಳಿದಿತ್ತು: ಚಿಕ್ಕ ಕಾರೊಂದಕ್ಕೆ ಹಿಂದೆ ಡಿಕ್ಕಿ ಅಂಟಿಸಿ, ನಾಲ್ಕು ಮೀಟರಿಗೆ ಸರಿಯಾಗಿ ಬಾಲ ಕತ್ತರಿಸಿದ್ದು. ಮುಂದಿನಿಂದ ನೋಡಿದರೆ ಚಿಕ್ಕ ಕಾರು, ಹಿಂದಿನಿಂದ ನೋಡಿದರೆ ದೊಡ್ಡ ಕಾರು, ಪಕ್ಕದಿಂದ ನೋಡಿದರೆ ಎರಡೂ ಜಗಳವಾಡಿಕೊಂಡು ಒಂದೇ ಮನೆಯಲ್ಲಿ ಇರುವ ಹಾಗೆ. ಚಿಕ್ಕಮ್ಮನ ಮನೆಯವರು ಅದನ್ನು ಕೊಂಡರು.

ನಮ್ಮಲ್ಲಿ ಹೊಸ ಗಾಡಿ ಬಂದರೆ ಮೊದಲು ದೇವಸ್ಥಾನ, ಆಮೇಲೆ ಹತ್ತಿರದ ನೆಂಟರ ಮನೆ. ನೆಂಟರು ಅದರಲ್ಲಿ ಕೂತು ಒಂದು ರೌಂಡು ಹೋಗಿ ಬರಲೇಬೇಕು. ಒಲ್ಲೆ ಎನ್ನುವುದು ಮದುವೆಮನೆಯಲ್ಲಿ ಊಟ ಬೇಡ ಎಂದ ಹಾಗೆ. ಹೀಗಾಗಿ ಒಂದು ಭಾನುವಾರ ಚಾಮರಾಜಪೇಟೆಯ ನಮ್ಮ ಮನೆಯೆದುರು ಆ ಕಾರು ಬಂದು ನಿಂತಿತು. ಬಾನೆಟ್ಟಿನ ಮೇಲೆ ಕುಂಕುಮ, ಚಕ್ರದ ಸಂದಿಯಲ್ಲಿ ನಿಂಬೆಹಣ್ಣಿನ ಸಿಪ್ಪೆ. ಇಳಿದವಳು ಚಿಕ್ಕಮ್ಮನ ಮಗಳು. ನನಗಿಂತ ಮೂರೇ ತಿಂಗಳು ದೊಡ್ಡವಳು. ಆ ಮೂರು ತಿಂಗಳಿಗಾಗಿ ಹುಟ್ಟಿದಾಗಿನಿಂದ ಅವಳನ್ನು ಅಕ್ಕ ಎನ್ನುತ್ತ ಬಂದಿದ್ದೇನೆ. ಅವಳಿಗೆ ಬಿಗಿಯಾದ ಚೂಡಿದಾರ, ಅವಳಿಗೆ ಕುಳ್ಳಾದ ಸೈಕಲ್ಲು, ಅವಳು ಓದಿ ಮುಗಿಸಿದ ಗೈಡು, ಎಲ್ಲವೂ ಮಲ್ಲೇಶ್ವರದಿಂದ ಚಾಮರಾಜಪೇಟೆಗೆ ಹರಿದು ಬಂದಿವೆ. ಆ ಹೊಳೆ ಒಮ್ಮೆಯೂ ಇತ್ತಲಿಂದ ಅತ್ತ ಹರಿದಿಲ್ಲ.

"ಹತ್ತೇ, ಯಾಕೆ ಹಾಗೆ ನಿಂತಿದೀಯ? ಕಚ್ಚಲ್ಲ ಅದು," ಎಂದಳು ಅಕ್ಕ.

ಅಮ್ಮ, ಚಿಕ್ಕಮ್ಮ, ನಾನು ಹಿಂದಿನ ಸೀಟಿನಲ್ಲಿ. ಸೀಟಿನ ಪ್ಲಾಸ್ಟಿಕ್ ತೆಗೆದಿರಲಿಲ್ಲ. ನಮ್ಮವರು ತೆಗೆಯುವುದೂ ಇಲ್ಲ, ಅದು ತಾನಾಗಿ ಹರಿದು ಹೋಗಬೇಕು. ಚಿಕ್ಕಪ್ಪ ಬ್ರೇಕು ಒತ್ತಿದಾಗಲೆಲ್ಲ ಅಮ್ಮನ ರೇಷ್ಮೆಸೀರೆ ಪ್ಲಾಸ್ಟಿಕ್ಕಿನ ಮೇಲೆ ಸರ್ರನೆ ಮುಂದೆ ಜಾರುತ್ತಿತ್ತು. ನಡುವೆ ಕೂತಿದ್ದ ನನ್ನ ಮಂಡಿ ಗೇರಿನ ಕಡೆಗೆ ಚಾಚಿಕೊಂಡಿತ್ತು. ಡಿಕ್ಕಿಗೆ ಕೊಟ್ಟ ಜಾಗವನ್ನು ನನ್ನ ಕಾಲಿನಿಂದ ಕಿತ್ತುಕೊಂಡಿದ್ದಾರೆ ಎಂಬ ವಾದ ಅಲ್ಲೇ ಹುಟ್ಟಿತು. ಆದರೆ ಹೇಳಲು ಬಿಡುವು ಸಿಗಲಿಲ್ಲ.

"ಎಸಿ ಜಾಸ್ತಿ ಆಯ್ತಾ ದೊಡ್ಡಮ್ಮ?"

"ಇಲ್ಲ ಪುಟ್ಟ, ಹಿತವಾಗಿದೆ."

ನನ್ನ ಹತ್ತಿರ ಫ್ಯಾನು ಆರಿಸು ಎಂದು ಕಿರುಚುವ ಅದೇ ಅಮ್ಮ.

"ಇನ್ಮೇಲೆ ಕಛೇರಿಗೆ ಆಟೋ ಹುಡುಕೋ ಗೋಳಿಲ್ಲ ದೊಡ್ಡಮ್ಮ. ವೀಣೆ ಡಿಕ್ಕೀಲಿ, ನೀವಿಬ್ರೂ ಎಸಿಲಿ. ಆರಾಮಾಗಿ ಹೋಗ್ಬಹುದು," ಎಂದಳು ಅಕ್ಕ.

ಅಪ್ಪ ಮನೆಯ ಮೆಟ್ಟಿಲ ಮೇಲೆ ಕೂತು ನಮಗಾಗಿ ಕಾಯುತ್ತಿದ್ದರು. ಅವರು ಈ ಮಾತು ಕೇಳಲಿಲ್ಲ ಎಂಬುದೊಂದೇ ನನಗೆ ಸಮಾಧಾನ. ಯಾಕೆಂದರೆ ಆ ಮಾತು ಅವರದು. ಅಮ್ಮ ಮತ್ತು ಚಿಕ್ಕಮ್ಮ ಲಂಗ ತೊಡುವ ವಯಸ್ಸಿನಿಂದ ಜೊತೆಯಾಗಿ ವೀಣೆ ನುಡಿಸುತ್ತ ಬಂದವರು. ಪ್ರತಿ ನವರಾತ್ರಿಯಲ್ಲಿ ಸರಸ್ವತಿ ಪೂಜೆಯ ಸಂಜೆ ಮತ್ತಿಕೆರೆಯ ಒಂದು ರಾಮಮಂದಿರದಲ್ಲಿ ಅವರಿಬ್ಬರ ಕಛೇರಿ. ಇಬ್ಬರವೂ ಬುಡದಿಂದ ತುದಿಯವರೆಗೆ ಒಂದೇ ಮರದ ತುಂಡಿನಲ್ಲಿ ಕೊರೆದ ವೀಣೆಗಳು, ಬಿಚ್ಚಿ ಜೋಡಿಸುವ ಹಾಗಿಲ್ಲ. ಅಮ್ಮ ತನ್ನದನ್ನು ಆಟೋದಲ್ಲಿ ತೊಡೆಯ ಮೇಲೆ ಅಡ್ಡಕ್ಕಿಟ್ಟುಕೊಳ್ಳುತ್ತಿದ್ದಳು. ವೀಣೆಯ ತುದಿಯಲ್ಲಿ ಕೊರೆದ ಸಿಂಹದಂಥ ಯಾಳಿಮುಖ ಬಾಗಿಲಿಂದ ಹೊರಗೆ ಇಣುಕುತ್ತಿತ್ತು, ಮೆಜೆಸ್ಟಿಕ್ಕಿನ ಬಸ್ಸುಗಳೆಲ್ಲ ಅದನ್ನು ಸವರಿಕೊಂಡೇ ಹೋಗುತ್ತಿದ್ದವು. ಅಪ್ಪ ಸ್ಕೂಟರಿನಲ್ಲಿ ಪಕ್ಕದಲ್ಲೇ ಕಾವಲು ಬರುತ್ತಿದ್ದರು. ಹೈಸ್ಕೂಲು ಮೇಷ್ಟರಾದ ಅವರು ವರ್ಷಾ ವರ್ಷಾ ಹೇಳುತ್ತಿದ್ದ ಮಾತು ಒಂದೇ: "ಮುಂದಿನ ನವರಾತ್ರಿಗೆ ನೀನೂ ನಿನ್ನ ವೀಣೆಯೂ ನಮ್ಮ ಕಾರಲ್ಲಿ ಹೋಗ್ತೀರ, ನೋಡ್ತಿರು." ಆ ವರ್ಷ ಕೊನೆಗೂ ಕಾರಿಗೆ ಸಾಲ ಮಂಜೂರಾಗಿತ್ತು. ಅಷ್ಟರಲ್ಲಿ ಆ ಮಾತನ್ನು ಮಲ್ಲೇಶ್ವರದವರು ಎತ್ತಿಕೊಂಡು ಹೋಗುತ್ತಿದ್ದರು, ಅದೂ ಎಸಿ ಹಾಕಿಕೊಂಡು.

ಅವರು ಹೊರಟ ಮೇಲೆ ಅಪ್ಪ ಮೀಸೆ ಸವರಿಕೊಂಡು, "ಕಾರು ಚೆನ್ನಾಗೇ ಇದೆ. ನಾವೂ ಅದನ್ನೇ ತಗೊಂಡ್ರೆ ಹೇಗೆ?" ಎಂದರು.

"ಅದನ್ನೇ ತಗೊಂಡ್ರೆ ಕಾಪಿ ಹೊಡೆದ ಹಾಗಲ್ವಾ ಅಪ್ಪ?"

"ಕಾರಲ್ಲಿ ಕಾಪಿ ಏನೇ? ಬಸ್ಸು ಎಲ್ರೂ ಹತ್ತಲ್ವಾ?"

"ತಡೀರಿ. ಹೋಲಿಸಿ ನೋಡದೆ ತೀರ್ಮಾನ ಮಾಡಬಾರದು. ಎದುರಾಳಿಗಳನ್ನೆಲ್ಲ ಕರೆಸೋಣ. ಪರೀಕ್ಷೆ ಒಂದೇ. ಅಮ್ಮನ ವೀಣೆ ಹಿಡಿಸಬೇಕು, ಅಮ್ಮನೂ ಹಿಡಿಸಬೇಕು."

ಅಮ್ಮ ಒಳಗಿನಿಂದ, "ನನ್ನೇನು ಮಡಚಿ ಇಡ್ತೀರಾ?" ಎಂದಳು.

ಆಗ ಕಂಪನಿಯವರು ಕಾರನ್ನು ಮನೆ ಬಾಗಿಲಿಗೇ ತಂದು ಓಡಿಸಿ ನೋಡಿ ಎನ್ನುತ್ತಿದ್ದರು. ಕಾರು ಬಂದರೆ ಬೀದಿಯೂ ಬರುತ್ತಿತ್ತು. ನಮ್ಮ ಬೀದಿಯಲ್ಲಿ "ಎಷ್ಟು ಕೊಡುತ್ತೆ?" ಎಂದು ಕೇಳದೆ ಯಾರೂ ಕಾರು ಮುಟ್ಟುವುದಿಲ್ಲ. ಲೀಟರಿಗೆ ಇಷ್ಟು ಎಂದು ಸೇಲ್ಸ್‌ನವನು ಹೇಳಿದ ಕೂಡಲೇ ಎದುರುಮನೆಯವರು ಅದರಲ್ಲಿ ಕಾಲುಭಾಗ ಕಳೆದು, "ಸಿಟೀಲಿ ಇಷ್ಟೇ," ಎಂದು ತೀರ್ಪು ಕೊಡುತ್ತಿದ್ದರು. ನಾನು ಮಾತ್ರ ಗವಸು ತೊಡಿಸಿದ ವೀಣೆಯನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದೆ.

ಮೊದಲು ಬಂದದ್ದು ಹಳೆಯ ಮಾದರಿಯ ಉದ್ದನೆ ಸೆಡಾನ್. ನಿಜವಾದ ಡಿಕ್ಕಿ ಎಂದರೆ ಅದು. ಮೇಷ್ಟರ ಇಡೀ ತರಗತಿಯ ಉತ್ತರಪತ್ರಿಕೆ ಹಿಡಿಸುವಂಥದ್ದು. ಓಟವೂ ನಯ, ಹಳ್ಳ ಹಾದದ್ದೇ ತಿಳಿಯಲಿಲ್ಲ. ಆದರೆ ಗೇಟಿನೊಳಗೆ ತಂದಾಗ ಮೂತಿ ಮೆಟ್ಟಿಲಿಗೆ ತಾಗಿ ಬಾಲ ರಸ್ತೆಯಲ್ಲೇ ಉಳಿಯಿತು. ಅಪ್ಪ ಗೇಟು ಮುಚ್ಚಲು ನೋಡಿ ಕೈಬಿಟ್ಟರು.

ಎರಡನೆಯದು ಡಿಕ್ಕಿಯಿಲ್ಲದ, ಎತ್ತರದ ಮೋಟು ಕಾರು. ರೂಪದ ಮಾತು ಬೇಡ. ಹಾಲಿನ ಬೂತಿಗೆ ಚಕ್ರ ಕಟ್ಟಿದ ಹಾಗಿತ್ತು. ಆದರೆ ಅಮ್ಮ ಸೊಂಟ ಬಗ್ಗಿಸದೆ ಹತ್ತಿ ಕೂತಳು. ಹಿಂದಿನ ಸೀಟು ಮಡಚಿದರೆ ವೀಣೆ ಮಲಗಿದ ಮಗುವಿನ ಹಾಗೆ ಉದ್ದಕ್ಕೆ ಒರಗಿತು. ಗೇಟು ಮುಚ್ಚಿದ ಮೇಲೂ ರಂಗೋಲಿಗೆ ಜಾಗ ಉಳಿಯಿತು.

ಕೊನೆಗೆ ಬಂದದ್ದು ಅದೇ, ಮಲ್ಲೇಶ್ವರದ್ದು. ನ್ಯಾಯವಾಗಿ ಹೇಳುತ್ತೇನೆ. ಎಂಜಿನ್ನು ಚುರುಕು, ಸ್ಟೀರಿಂಗು ಬೆಣ್ಣೆ, ಗೇಟಿಗೆ ಹೇಳಿ ಮಾಡಿಸಿದ ಅಳತೆ. ಸೇಲ್ಸ್‌ನವನು ಟೈ ಸರಿಮಾಡಿಕೊಂಡು ಡಿಕ್ಕಿ ಎತ್ತಿದ.

"ನೋಡಿ ಮೇಡಂ, ಎಷ್ಟು ಜಾಗ! ಇಡೀ ಫ್ಯಾಮಿಲಿ ಲಗೇಜು ಹೋಗುತ್ತೆ."

"ವೀಣೆ ಹೋಗುತ್ತಾ?"

"ಏನ್ ಮೇಡಂ?"

"ವೀಣೆ ರೀ, ಇದು."

ಅಡ್ಡಕ್ಕಿಟ್ಟರೆ ವೀಣೆಯ ದುಂಡನೆಯ ಕುಡ ಒಳಗೆ, ಯಾಳಿ ಹೊರಗೆ. ಓರೆಯಾಗಿಟ್ಟರೆ ಯಾಳಿ ಒಳಗೆ, ಕುಡ ಹೊರಗೆ. ಡಿಕ್ಕಿಯ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಹಿಂದಿನ ಸೀಟು ಮಡಚಿ ಎಂದರೆ ಅವನು ಅಭಿಮಾನದಿಂದ, "ಮಡಚಲ್ಲ ಮೇಡಂ, ಇದು ಸೆಡಾನ್ ಅಲ್ವಾ," ಎಂದ. ಸೀಟಿನ ಮೇಲೇ ಇಟ್ಟುಕೊಳ್ಳಿ ಎಂದೂ ಹೇಳಿದ. "ಹಾಗಾದ್ರೆ ಜನ ಡಿಕ್ಕೀಲಿ ಕೂರ್ಬೇಕಾ?" ಎಂದೆ. ಎದುರುಮನೆಯವರು ನಕ್ಕರು. ಅಷ್ಟು ಸಂತೋಷ ನನಗೆ ಅಂತರ ಕಾಲೇಜು ಫಲಕ ಗೆದ್ದಾಗಲೂ ಆಗಿರಲಿಲ್ಲ.

ಕೊನೆಗೆ ಮೋಟು ಕಾರನ್ನೇ ಕೊಂಡೆವು. ಈಗ ನಾವು ಮಲ್ಲೇಶ್ವರಕ್ಕೆ ಹೋಗುವ ಸರದಿ. ಸಂಪಿಗೆ ರಸ್ತೆಯನ್ನು ಮೆಟ್ರೋಗೆಂದು ಅಗೆದಿದ್ದರು. ಸುತ್ತಿ ಬಳಸಿ ತಲುಪಿದಾಗ ಅವರ ಕಾರು ಮನೆಯ ಮುಂದೆಯೇ ನಿಂತಿತ್ತು. ನಮ್ಮದನ್ನು ಅದರ ಹಿಂದೆ ನಿಲ್ಲಿಸಿದಾಗ ನನಗೆ ಕಂಡದ್ದು ಹೇಳುತ್ತೇನೆ: ಅದು ರೇಷ್ಮೆ ಪಂಚೆ ಉಟ್ಟ ಮದುಮಗ, ನಮ್ಮದು ಅವನ ಹಿಂದೆ ಛತ್ರಿ ಹಿಡಿದವನು. ಎಲ್ಲ ಪುರಾವೆ ನನ್ನ ಕಡೆ ಇತ್ತು. ಆದರೂ ಆ ಹಾಳು ಡಿಕ್ಕಿ ನನಗೆ ಬೇಕಿತ್ತು. ಬೇಕು ಎಂಬುದಕ್ಕೆ ಪುರಾವೆ ಬೇಕಾಗುವುದಿಲ್ಲ ಎಂದು ಯಾವ ಚರ್ಚಾಕೂಟದಲ್ಲೂ ಹೇಳಿಕೊಡುವುದಿಲ್ಲ.

ಅಕ್ಕ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. "ಮುದ್ದಾಗಿದೆ ಕಣೆ. ಡಿಕ್ಕಿ ಇಲ್ವಾ?"

ಇದಕ್ಕೇ ಕಾಯುತ್ತಿದ್ದೆ. "ನಿಮ್ಮ ಡಿಕ್ಕೀಲಿ ವೀಣೆ ಹಿಡಿಸಲ್ಲ ಕಣೆ, ಗೊತ್ತಾ?"

"ಹೋಗೇ, ಹಿಡಿಸದೆ ಏನು!"

"ಚಿಕ್ಕಮ್ಮನ ವೀಣೆ ತಂದು ತೋರ್ಸು."

ಚಿಕ್ಕಪ್ಪನಿಗೂ ಮಾನದ ಪ್ರಶ್ನೆಯಾಯಿತು. ವೀಣೆ ಹೊರಗೆ ಬಂತು. ಅಡ್ಡಕ್ಕೆ, ಓರೆಗೆ, ತಲೆಕೆಳಗಾಗಿ, ಎಲ್ಲ ನೋಡಿದರು. ಚಿಕ್ಕಮ್ಮ, "ಅಯ್ಯೋ, ತಲೆ ಹುಷಾರು ರೀ!" ಎಂದು ಕೂಗಿದಳು. ಚಿಕ್ಕಪ್ಪ ತಮ್ಮ ತಲೆ ಮುಟ್ಟಿಕೊಂಡರು. ಅವಳು ಹೇಳಿದ್ದು ವೀಣೆಯ ತಲೆಗೆ. ಹಿಡಿಸಲಿಲ್ಲ.

ನಾನು ನಮ್ಮ ಕಾರಿನ ಹಿಂಬಾಗಿಲು ಎತ್ತಿ, ಸೀಟು ಮಡಚಿ, ಅದೇ ವೀಣೆಯನ್ನು ಒಳಗೆ ಸರಿಸಿದೆ. ಸದ್ದಿಲ್ಲದೆ ಹೋಯಿತು. ಅಕ್ಕನ ಮುಖ ನೋಡಿದೆ. ಹುಟ್ಟಿದಾಗಿನಿಂದ ನನಗೆ ಬರಬೇಕಿದ್ದ ಬಾಕಿ ಆ ಸೋತ ಮುಖ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ವಾದಿಗಳಿಗೆ ಒಂದು ರೂಢಿಯಿದೆ: ಗೆದ್ದ ಮೇಲೂ ಬೆಲ್ಲು ಹೊಡೆಯುವವರೆಗೆ ಸಾಕ್ಷಿ ಹೇಳುತ್ತಲೇ ಇರುವುದು.

"ಇದೊಂದೇ ಅಲ್ಲ ಚಿಕ್ಕಮ್ಮ. ತಲೆ ಬುಡ ತಿರುಗಿಸಿ ಪಕ್ಕದಲ್ಲಿಟ್ರೆ ಇನ್ನೊಂದೂ ಹಿಡಿಸುತ್ತೆ."

ಚಿಕ್ಕಮ್ಮ ಬಗ್ಗಿ ನೋಡಿದಳು. ಅವಳ ಮುಖ ಅರಳಿತು.

"ಹೌದಲ್ಲೇ! ಹಾಗಾದ್ರೆ ಒಳ್ಳೇದೇ ಆಯ್ತು ಬಿಡಕ್ಕ. ಹೇಗೂ ಹಿಂದಿನ ದಿನ ಪ್ರಾಕ್ಟೀಸಿಗೆ ನನ್ನ ವೀಣೆ ನಿಮ್ಮನೇಲೇ ಇರುತ್ತೆ. ಎರಡು ವೀಣೇನೂ ನಿಮ್ಮ ಕಾರಲ್ಲಿ ಹೋಗ್ಲಿ. ನಾವಿಬ್ರೂ ನಮ್ಮ ಕಾರಲ್ಲಿ ಹೋಗೋಣ."

ನಾನು ಅಪ್ಪನನ್ನು ನೋಡಿದೆ. ಅಪ್ಪ ಅಮ್ಮನನ್ನು ನೋಡಿದರು. ಹೊಸ ಕಾರಿನ ಬೀಗದ ಕೈ ಅವರ ಬೆರಳಿನಲ್ಲಿ ಸುತ್ತುತ್ತಿದ್ದದ್ದು ನಿಂತಿತು.

"ಹೂಂ, ಅದೇ ಸರಿ," ಎಂದಳು ಅಮ್ಮ. "ದಾರೀಲಿ ಇಬ್ರೂ ಇನ್ನೊಂದ್ಸಲ ಕಲ್ಪನಾಸ್ವರ ಹಾಡಿ ನೋಡ್ಕೋಬಹುದು. ಎರಡು ಆಟೋಲಿ ಅದಾಗ್ತಾನೇ ಇರ್ಲಿಲ್ಲ."

"ಅಮ್ಮ, ನಿನ್ನ ವೀಣೆ ಜೊತೆ ನೀನಿರಬೇಡ್ವಾ?" ಖಂಡನೆಗೆ ನನಗೆ ಸಿಕ್ಕಿದ್ದು ಅಷ್ಟೇ.

"ನೀನಿರ್ತೀಯಲ್ಲ."

ಅಕ್ಕ ಒಳಗೆ ಹೋಗಿ ನನಗೆ ಒಂದು ಲೋಟ ಕಾಫಿ ತಂದುಕೊಟ್ಟಳು.

ವಾಪಸು ಬರುವಾಗ ಅಮ್ಮ ಮುಂದಿನ ಸೀಟಿನಲ್ಲಿ ಏನೋ ಗುನುಗುತ್ತಿದ್ದಳು. ಓಕಳಿಪುರದ ಹತ್ತಿರ ಗಾಡಿ ನಿಂತಾಗ ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿ, "ವಾದ ಚೆನ್ನಾಗಿತ್ತು. ಎರಡನೇ ವೀಣೆ ವಿಷ್ಯ ನಿನ್ನ ಯಾರು ಕೇಳಿದ್ರು?" ಎಂದರು.

ಸರಸ್ವತಿ ಪೂಜೆಯ ದಿನ ಚಿಕ್ಕಪ್ಪ, ಚಿಕ್ಕಮ್ಮ, ಅಕ್ಕ ಸಮಯಕ್ಕಿಂತ ಮೊದಲೇ ಬಂದರು. ಅಪ್ಪ ಹೊಸ ಷರಟು ಹಾಕಿಕೊಂಡು ಎರಡೂ ವೀಣೆಗಳನ್ನು ತಾವೇ ಮಲಗಿಸಿದರು, ಕೆಳಗೆ ಹಳೆಯ ಜಮಖಾನ ಮಡಚಿ ಹಾಸಿದರು. ಅಮ್ಮ ಬಂದು ಗವಸಿನ ದಾರ ಎಳೆದು ನೋಡಿದಳು. ಆಮೇಲೆ ಅಪ್ಪನ ತೋಳು ಮುಟ್ಟಿ, "ನಿಧಾನವಾಗಿ ಬನ್ನಿ ರೀ," ಎಂದು ಹೇಳಿ ಆ ಕಾರು ಹತ್ತಿದಳು. ಪ್ಲಾಸ್ಟಿಕ್ ಇನ್ನೂ ಹರಿದಿರಲಿಲ್ಲ.

ಅವರು ಮುಂದೆ, ನಾವು ಹಿಂದೆ. ಗವಸಿನಿಂದ ಇಣುಕಿದ ಒಂದು ಯಾಳಿ ನನ್ನ ಭುಜದ ಪಕ್ಕದಲ್ಲಿ ಬಾಯಿ ತೆರೆದುಕೊಂಡಿತ್ತು. ಮುಂದಿನ ಕಾರಿನ ಹಿಂಗಾಜಿನಲ್ಲಿ ಮಲ್ಲಿಗೆ ಮುಡಿದ ಎರಡು ತುರುಬುಗಳು. ಒಂದು ಆ ಕಡೆ ವಾಲಿದರೆ ಇನ್ನೊಂದು ಈ ಕಡೆ ವಾಲುತ್ತಿತ್ತು. ಒಮ್ಮೆ ಎರಡೂ ಒಟ್ಟಿಗೆ ಕುಲುಕಿದವು. ನಕ್ಕಿರಬೇಕು. ಮುಂದಿನ ಸೀಟಿನಲ್ಲಿದ್ದ ಅಕ್ಕ ಪೂರ್ತಿ ಹಿಂದಕ್ಕೆ ತಿರುಗಿ ಕೂತು ಅವರ ಹಾಡಿಗೆ ತಾಳ ಹಾಕುತ್ತಿದ್ದಳು. ಅಮ್ಮನ ಹಾಡಿಗೆ ತಾಳ ಹಾಕುವುದು ನನ್ನ ಕೆಲಸ.

ಸಿಗ್ನಲ್ಲಿನಲ್ಲಿ ಎರಡೂ ಕಾರು ಅಕ್ಕಪಕ್ಕ ಬಂದವು. ಅಕ್ಕ ಗಾಜು ಇಳಿಸಿದಳು. ತಣ್ಣನೆಯ ಗಾಳಿ ನನ್ನ ಮುಖದವರೆಗೂ ಬಂತು.

"ದೊಡ್ಡಮ್ಮ ಕೇಳ್ತಿದಾರೆ, ವೀಣೆ ಆರಾಮಾಗಿದ್ಯಾ ಅಂತ!"

"ಆರಾಮಾಗಿದೆ ಅನ್ನು," ಎಂದರು ಅಪ್ಪ.

ನಾನು ಯಾಳಿಯ ಗವಸು ಸರಿಮಾಡುತ್ತ ಕೂತೆ. ಅಪ್ಪನೇ ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಆರಾಮಾಗಿದೆ, ಆರಾಮಾಗಿದೆ!" ಎಂದು ಕೂಗಿದರು. ಅಮ್ಮ ಕೈ ಬೀಸಿದಳು. ಹಸಿರು ಬಿತ್ತು. ಅವರ ಕಾರು ನಮ್ಮನ್ನು ದಾಟಿ ಹಗುರಾಗಿ ಹೊರಟಿತು. ಆ ಡಿಕ್ಕಿಯೊಳಗೆ ಒಂದು ಸ್ಟೆಪ್ನಿ ಬಿಟ್ಟರೆ ಏನೂ ಇಲ್ಲವೆಂದು ಆ ರಸ್ತೆಯಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೂ ಮತ್ತಿಕೆರೆ ಬರುವವರೆಗೆ ನಾನು ಅದರಿಂದ ಕಣ್ಣು ಕೀಳಲಿಲ್ಲ.