ಕಳಚಿಟ್ಟ ಡಿಸ್ಕು ಬಡಿದುಕೊಂಡ ರಾತ್ರಿ

ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಸುಳ್ಳು ಹೆಣೆಯುವ ಬುದ್ಧಿ ಇದ್ದಿದ್ದರೆ ಜೀವನವಿಡೀ ಮೀನಿನ ಬುಟ್ಟಿ ಹೊರುತ್ತಿರಲಿಲ್ಲ. ನಂಬುವವರು ನಂಬಿ, ಬಿಡುವವರು ಬಿಡಿ. ಆ ರಾತ್ರಿ ಅಂಕೋಲೆಯ ಆ ಅಂಗಡಿಯೊಳಗೆ ನಾನಿದ್ದೆ.

ಅಂಗಡಿ ನನ್ನ ಮಗ ಗಣಪುವಿನದು. ಝೆರಾಕ್ಸ್, ಆನ್‌ಲೈನ್ ಅರ್ಜಿ, ಅಷ್ಟೇ. ಅವನು ಹೆದ್ದಾರಿಯಲ್ಲಿ ಸತ್ತು ಎರಡು ವರ್ಷವಾಗಿತ್ತು. ಸತ್ತನೆಂದು ನಾನು ಹೊಗಳುವುದಿಲ್ಲ. ಹೆಂಡತಿಯನ್ನು ತವರಿಗೆ ಕಳಿಸಲೂ ಒಪ್ಪದ ಗಂಡಸು ಅವನು. ಸೊಸೆ ಸುಮನಾಳಿಗೆ ಮಲ್ಲಾಪುರದಲ್ಲಿ ಎರಡನೇ ಮದುವೆ ಗೊತ್ತುಮಾಡಿದ್ದು ನಾನೇ. ಮರುದಿನ ಬೆಳಿಗ್ಗೆ ಅವಳು ಮೊಮ್ಮಗಳನ್ನು ಕರೆದುಕೊಂಡು ಹೊರಡುವವಳು. ಗಣಪುವಿನ ಕಂಪ್ಯೂಟರ್ ಒಯ್ದು ಅಲ್ಲಿ ಅಂಗಡಿ ಇಡುವ ಯೋಚನೆ. ಆದರೆ ಅದರ ಡಿಸ್ಕು ಕೆಟ್ಟಿತ್ತು. ಶುರು ಮಾಡಿದರೆ ಒಳಗೇ ಟಕ್... ಟಕ್... ಎಂದು ಬಡಿದುಕೊಂಡು ನಿಲ್ಲುತ್ತಿತ್ತು.

ಬೀದಿನಾಯಿಗಳ ಕಾಟಕ್ಕೆ ಶಟರ್ ಪೂರ್ತಿ ಎಳೆದು ಕುಳಿತೆವು. ಸುಮನಾ ಡಬ್ಬಿ ಬಿಚ್ಚಿ, ಹಳೇ ಡಿಸ್ಕು ಕಳಚಿ ನನ್ನ ಕೈಗಿಟ್ಟಳು.

"ಇದ್ರಲ್ಲಿ ಎಂತಾ ಇತ್ತೇ?"

"ಎಲ್ಲಾ ಇದ್ರಲ್ಲೇ ಇರೂದು ಅತ್ತೆ. ಇದಿಲ್ದಿದ್ರೆ ಕಂಪ್ಯೂಟರ್ ಅಂದ್ರೆ ಬರೀ ಡಬ್ಬಿ. ಈಗ ಹೊಸ್ತು ಕೂರ್ಸಿ, ಪೆನ್‌ಡ್ರೈವಿಂದ ವಿಂಡೋಸ್ ಹಾಕ್ತೆ."

"ಗಣಪುಂದು ಏನೂ ಉಳಿಯೂದಿಲ್ವಾ?"

"ಇಲ್ಲ."

"ಚಲೋ ಆಯ್ತು ಬಿಡು," ಎಂದೆ.

ಪರದೆಯ ಮೇಲೆ ಅಂಕೆ ನಿಧಾನ ಏರಿ ನೂರಾಯಿತು. ಎರಡು ಸಲ ತಾನೇ ಆರಿ ಹೊತ್ತಿಕೊಂಡಿತು. "ಈಗ ಹೆಸ್ರು ಕೇಳ್ತದೆ, ನನ್ನ ಹೆಸ್ರು ಹಾಕ್ತೆ," ಎಂದು ಸುಮನಾ ಬೆರಳು ಚಾಚಿದಳು.

ಹೆಸರು ಕೇಳಲಿಲ್ಲ. ಗಣಪುವಿನ ಫೋಟೊ ಬಂತು... ದೇವಬಾಗದ ದಂಡೆಯಲ್ಲಿ ನಿಂತು ತೆಗೆಸಿದ್ದು. ಮೊದಲು ಕಂಪ್ಯೂಟರ್ ತೆರೆದಾಗ ದಿನವೂ ಬರುತ್ತಿದ್ದದ್ದು.

"ಅತ್ತೆ... ಹೊಸ ಡಿಸ್ಕು ಖಾಲಿ ಇತ್ತು. ದೇವ್ರಾಣೆ ಖಾಲಿ ಇತ್ತು."

ಆಗ ನನ್ನ ಕೈಯಲ್ಲಿದ್ದದ್ದು ಬಡಿದುಕೊಂಡಿತು. ಟಕ್... ಟಕ್... ವಯರಿಲ್ಲ, ಕರೆಂಟಿಲ್ಲ. ಬೆಚ್ಚಗೆ ಬೇರೆ ಆಗುತ್ತಿತ್ತು. ಎಲೆಯಡಿಕೆಯ ಕವಳ ಜಗಿದ ಬಾಯಿಯ ವಾಸನೆ ನನ್ನ ಕಿವಿಯ ಹತ್ತಿರವೇ ಬಂತು. ನಾವಿಬ್ಬರೂ ಕವಳ ಹಾಕುವವರಲ್ಲ. ಹಾಕುತ್ತಿದ್ದವನು ಗಣಪು.

ಸುಮನಾ ಶಟರಿಗೆ ಓಡಿದಳು. ನಾನೂ ಕೈಹಾಕಿದೆ. ಬುಟ್ಟಿ ಹೊತ್ತು ಗಟ್ಟಿಯಾದ ತೋಳು ನನ್ನದು; ಕೂದಲೆಳೆಯಷ್ಟೂ ಏಳಲಿಲ್ಲ. ಬಡಿದೆವು, ಕೂಗಿದೆವು. ಫೋನು ಹಚ್ಚಿದರೆ ರಿಂಗೇ ಹೋಗುತ್ತಿಲ್ಲ. ಅಷ್ಟು ಹೊತ್ತು ಬೊಗಳುತ್ತಿದ್ದ ನಾಯಿಗಳಿಲ್ಲ, ಹೆದ್ದಾರಿಯಲ್ಲಿ ಒಂದು ಲಾರಿಯ ಸದ್ದಿಲ್ಲ. ಪ್ಲಗ್ ಕಿತ್ತೆ. ಪರದೆ ಆರಲಿಲ್ಲ...

ಸುಮನಾ ನನ್ನ ಸೆರಗು ಹಿಡಿದಳು. "ಹೋಗೂದಿಲ್ಲ ಅಂದ್ಬಿಡ್ತೆ ಅತ್ತೆ. ಆಗ ಬಿಡ್ತಾರೇನೋ..."

"ಬಾಯ್ಮುಚ್ಚು!" ಎಂದು ಅವಳನ್ನು ಗದರಿಸಿ ಪರದೆಯತ್ತ ತಿರುಗಿದೆ. "ಏ ಗಣಪು, ಬದ್ಕಿದ್ದಾಗ ಹೊಸ್ತಿಲು ದಾಟೂಕೆ ಬಿಡ್ಲಿಲ್ಲ. ಸತ್ತ ಮೇಲೂ ಅದೇ ಚಾಳಿಯೇನೋ? ಅವ್ಳನ್ನ ಬಿಡು. ಯಾರಾದ್ರೂ ಬೇಕೇ ಬೇಕು ಅಂದ್ರೆ ನಾನಿದ್ದೆ. ನನ್ನ ಸಂಗ್ತಿಗೆ ಮನೆಗೆ ಬಾ."

ಸತ್ತವರನ್ನು ಹೆಸರು ಹಿಡಿದು ಮನೆಗೆ ಕರೆಯಬಾರದೆಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಸಿಟ್ಟಿನಲ್ಲಿ ಬಾಯಿ ತಪ್ಪಿತು.

ಬಡಿತ ನಿಂತಿತು. ಪರದೆ ಆರಿತು. ಶಟರ್ ತಾನಾಗಿ ಮೊಣಕಾಲೆತ್ತರಕ್ಕೆ ಎದ್ದಿತು...

ಬೆಳಿಗ್ಗೆ ಸುಮನಾ ಮಲ್ಲಾಪುರಕ್ಕೆ ಹೋದಳು. ಕಂಪ್ಯೂಟರ್ ಈಗ ಅವಳ ಹೆಸರಿನಲ್ಲೇ ತೆರೆಯುತ್ತದಂತೆ. "ನೀವು ಹುಷಾರಿದ್ರಾ ಅತ್ತೆ?" ಎಂದು ಫೋನಿನಲ್ಲಿ ಕೇಳುತ್ತಾಳೆ.

"ನಂಗೆಂತಾ ಆಗೂದು?" ಎನ್ನುತ್ತೇನೆ.

ಹಳೇ ಡಿಸ್ಕನ್ನು ಮರುದಿನವೇ ಸಮುದ್ರಕ್ಕೆ ಎಸೆದೆ. ಆದರೂ ಕತ್ತಲಾದ ಮೇಲೆ ನನ್ನ ಮನೆಯ ಕದ ಒಳಗಿನಿಂದ ತೆರೆಯುವುದಿಲ್ಲ. ಅಗುಳಿ ತೆಗೆದರೂ ಇಲ್ಲ. ಬೆಳಕು ಹರಿದ ಮೇಲೆ ತಾನೇ ಸಡಿಲಾಗುತ್ತದೆ. ಬಡಗಿ ಬಂದು ನೋಡಿ, ಕದ ಸರಿಯಾಗೇ ಇದೆ ಎಂದ.

ಹೋಗು ಎಂದು ಒಂದು ಮಾತು ಹೇಳಿದರೆ ಹೋದಾನು. ಆದರೆ ಇಲ್ಲಿಂದ ಹೊರಬಿದ್ದವನು ಯಾರ ಹತ್ತಿರ ಹೋಗುತ್ತಾನೆ...? ಅದಕ್ಕೇ ಬಾಯಿ ಮುಚ್ಚಿಕೊಂಡು ಒಳಗೇ ಕೂರುತ್ತೇನೆ.